ಚಂದ್ರಾಮನ ಬಾವಿಯೂ ವಾಸುದೇವ ಮಾಸ್ತರರ ಬಾಂಡ್ ಪೇಪರೂ

ಚಿತ್ತಾಪುರದ ವಾಸುದೇವ ಮಾಸ್ತರರು ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತಮೂರು ವರ್ಷ ಇತಿಹಾಸ ಕಲಿಸಿದ್ದರು. ಆದರೂ ಊರು ಅವರನ್ನು ಪ್ರೊಫೆಸರ್ ಎಂದು ಕರೆಯಲು ಒಪ್ಪಿರಲಿಲ್ಲ. ಕಿರಾಣಿ ಅಂಗಡಿಯವನಿಗೂ ಅವರು ಮಾಸ್ತರರೇ, ಹಾಲಿನವನಿಗೂ ಮಾಸ್ತರರೇ. ಸ್ವಂತ ಹೆಂಡತಿ ಸೀತಾಬಾಯಿ ಕೂಡ ನಾಲ್ಕು ಜನರ ಮುಂದೆ "ನಮ್ಮ ಮಾಸ್ತರ್ರು" ಎಂದೇ ಹೇಳುತ್ತಿದ್ದಳು. ಈ ಅನ್ಯಾಯ ಸರಿಪಡಿಸಲು ಅವರು ಕಂಡುಕೊಂಡ ದಾರಿ ಒಂದೇ. ಪರದೇಶದ ಪತ್ರಿಕೆಯಲ್ಲಿ ಒಂದು ಸಂಶೋಧನಾ ಲೇಖನ ಅಚ್ಚು ಹಾಕಿಸುವುದು.

ವಿಷಯಕ್ಕೇನೂ ಬರವಿರಲಿಲ್ಲ. ಸನ್ನತಿಗೆ ಹೋದ ಪಂಡಿತರೆಲ್ಲ ಅಲ್ಲಿ ನೆಲ ಅಗೆದು ಸಿಕ್ಕ ಬೌದ್ಧ ಶಿಲೆಗಳನ್ನು ನೋಡಿ ಬರೆಯುತ್ತಿದ್ದರೆ, ಮಾಸ್ತರರ ಕಣ್ಣು ಬಿದ್ದದ್ದು ಒಂದು ಬಾವಿಯ ಮೇಲೆ. ಅದು ಚಂದ್ರಾಮನ ಬಾವಿ. ಒಂದು ಕಾಲದಲ್ಲಿ ಬೇರೆ ಬಾವಿಗಳ ಹತ್ತಿರ ತಮ್ಮವರನ್ನು ಬರಗೊಡದಿದ್ದಾಗ ಚಂದ್ರಾಮನ ಅಪ್ಪ ಭೀಮಶ್ಯಾ ಎರಡು ಬೇಸಿಗೆ ಅಗೆದು ನೀರು ಕಂಡಿದ್ದ. ನೀರು ಬಂದ ದಿನ ಗಡಗಡಿಗೆ ಹಗ್ಗ ಕೊಡ ಕಟ್ಟಿ, ಇದನ್ನು ಯಾರೂ ಬಿಚ್ಚಿ ಮನೆಗೆ ಒಯ್ಯಬಾರದು ಎಂದು ಒಂದೇ ಕಟ್ಟಳೆ ಮಾಡಿದ. ಮುಂದೆ ಒಂದು ವರ್ಷ ಬೇರೆ ಬಾವಿಗಳು ಬತ್ತಿದಾಗ, ಹಿಂದೆ ಅಟ್ಟಿದವರೂ ಬಂದು ಅದೇ ಹಗ್ಗ ಹಿಡಿದರು. ಭೀಮಶ್ಯಾ ಯಾರನ್ನೂ ತಡೆಯಲಿಲ್ಲ. ಆ ಹಗ್ಗ ಕೊಡ ಇಂದಿಗೂ ಅಲ್ಲಿಯೇ ಇರುತ್ತವೆ. ಹಗ್ಗ ಸವೆದರೆ ಯಾರೋ ಒಬ್ಬರು ಹೊಸದು ಕಟ್ಟುತ್ತಾರೆ.

ಮಾಸ್ತರರು ಮೂರು ಭಾನುವಾರ ಬಾವಿಕಟ್ಟೆಯ ಮೇಲೆ ಕುಳಿತು ಚಂದ್ರಾಮನಿಂದ ಇದನ್ನೆಲ್ಲ ಬರೆದುಕೊಂಡರು. ಏಳುವಾಗ ಒಂದು ಮಾತು ಕೊಟ್ಟರು.

"ಅಚ್ಚಾದ ಮ್ಯಾಲೆ ನಾನೇ ಬಂದು ಓದಿ ಹೇಳ್ತೀನಿ, ಚಂದ್ರಾಮ."

"ಆಗಲ್ರಿ ಸರ್. ನಮ್ಮಪ್ಪಂದು ಎಲ್ಲಿಯೂ ಬರದಿಲ್ಲ. ಒಂದ್ಸಲ ಕಿವೀಲೆ ಕೇಳಿದ್ರ ಸಾಕು" ಎಂದಿದ್ದ ಚಂದ್ರಾಮ.

ಲೇಖನವನ್ನು ಮಾಸ್ತರರು ಮೊದಲು ಕನ್ನಡದಲ್ಲಿ ಕೈಯಿಂದ ಬರೆದು, ಆಮೇಲೆ ನಿಘಂಟು ಮುಂದಿಟ್ಟುಕೊಂಡು ಇಂಗ್ಲಿಷಿಗೆ ತಂದರು. ಶಹಾಬಾದಿನ ಕಂಪ್ಯೂಟರ್ ಅಂಗಡಿಯಲ್ಲಿ ಟೈಪು ಮಾಡಿಸಿ ಕಳಿಸಿದರು. ಹೆಸರು ಹೇಳದ ಮೂವರು ಪಂಡಿತರು ಅದನ್ನು ಓದಿ, ಬಾವಿ ಚೆನ್ನಾಗಿದೆ, ಅಡಿಟಿಪ್ಪಣಿ ಸಾಲದು ಎಂದರು. ಮಾಸ್ತರರು ಮೂವತ್ತೊಂದು ಅಡಿಟಿಪ್ಪಣಿ ಸೇರಿಸಿದರು. 2006ರ ಬೇಸಿಗೆಯಲ್ಲಿ ಲೇಖನ ಒಪ್ಪಿಗೆಯಾಯಿತು. ಲೇಖನವಿದ್ದ ಫ್ಲಾಪಿ ಕಳೆದುಹೋಗಬಾರದೆಂದು ಅವರು ಅದನ್ನು ಕಬ್ಬಿಣದ ಅಲಮಾರಿನ ಬಾಗಿಲಿಗೆ ಒಂದು ದೊಡ್ಡ ಅಯಸ್ಕಾಂತದಿಂದ ಅಂಟಿಸಿಟ್ಟರು. ಫ್ಲಾಪಿ ಕಳೆಯಲಿಲ್ಲ, ಅದರೊಳಗಿನ ಲೇಖನ ಮಾತ್ರ ಅಲ್ಲಿಂದ ಕಾಲ್ಕಿತ್ತಿತು.

ಒಪ್ಪಿಗೆಯ ಜೊತೆ ಪತ್ರಿಕೆಯ ಕಂಪನಿ ಒಂದು ಫಾರಂ ಕಳಿಸಿತ್ತು. ಈ ಲೇಖನದ ಎಲ್ಲ ಹಕ್ಕುಗಳನ್ನು ಕಂಪನಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಸಹಿ ಮಾಡಿ ಕಳಿಸಬೇಕು. ಬೇರೆ ಯಾರಾದರೂ ಆಗಿದ್ದರೆ ಸಹಿ ಗೀಚಿ ಕೈ ತೊಳೆದುಕೊಳ್ಳುತ್ತಿದ್ದರು. ಆದರೆ ಮಾಸ್ತರರ ತಂದೆ ಬಿಳಿ ಹಾಳೆಯ ಮೇಲೆ ಕರಾರು ಮಾಡಿಕೊಂಡು ಕುರಕುಂಟಾದಲ್ಲಿದ್ದ ಹೊಲ ಕಳೆದುಕೊಂಡಿದ್ದರು. ಹಕ್ಕು ಬಿಟ್ಟುಕೊಡುವ ಕಾಗದ ಬಾಂಡ್ ಪೇಪರ್ ಮೇಲಿಲ್ಲದಿದ್ದರೆ ಅದು ಕಾಗದವೇ ಅಲ್ಲ ಎನ್ನುವುದು ಆ ಮನೆತನದ ನಂಬಿಕೆಯಾಗಿತ್ತು. ಮಾಸ್ತರರು ನೇರವಾಗಿ ತಹಸೀಲ್ ಕಚೇರಿಯ ಬೇವಿನ ಗಿಡದ ಕೆಳಗೆ ಕುಳಿತು ಬಾಂಡ್ ಬರೆಯುವ ಶೌಕತ ಅಲಿಯವರ ಹತ್ತಿರ ಹೋದರು.

ಶೌಕತ ಅಲಿ ಮೂವತ್ತು ವರ್ಷದಿಂದ ಇಡೀ ತಾಲ್ಲೂಕಿನ ಹೊಲ ಮನೆಗಳನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ದಾಟಿಸಿದವರು. ಅವರು ಕನ್ನಡಕ ಏರಿಸಿ ಫಾರಂ ನೋಡಿದರು.

"ಹಕ್ಕು ಬಿಟ್ಟುಕೊಡೋದು. ಸಮಝಾಯ್ತ್ರಿ ಮಾಸ್ತರ್ ಸಾಬ್. ಚಕ್ಕುಬಂದಿ ಹೇಳ್ರಿ. ಪೂರ್ವಕ್ಕ ಏನದ, ಪಶ್ಚಿಮಕ್ಕ ಏನದ?"

"ಇದು ಲೇಖನ ಅದರಿ ಶೌಕತ್ ಭಾಯಿ. ಲೇಖನಕ್ಕ ದಿಕ್ಕು ಎಲ್ಲಿರ್ತಾವ?"

"ನಾಕು ದಿಕ್ಕಿಲ್ದ ಬಾಂಡ್ ನಾ ಇಲ್ಲೀತನಕ ಬರದಿಲ್ರಿ. ನಾಳೆ ಕೋರ್ಟಿನ್ಯಾಗ ನಿಂತ್ರ ಮೊದಲ ಅದನ್ನೇ ಕೇಳ್ತಾರ."

ಕೋರ್ಟು ಎಂದ ಕೂಡಲೇ ಮಾಸ್ತರರಿಗೆ ತಂದೆಯ ಹೊಲ ನೆನಪಾಯಿತು. ಲೇಖನಕ್ಕೆ ದಿಕ್ಕಿಲ್ಲದಿದ್ದರೂ ಬಾವಿಗೆ ಇದ್ದವಲ್ಲ. ಪೂರ್ವಕ್ಕೆ ಭೀಮಾ ನದಿಗೆ ಹೋಗುವ ದಾರಿ, ಪಶ್ಚಿಮಕ್ಕೆ ಬೇವಿನ ಗಿಡ, ಉತ್ತರಕ್ಕೆ ಚಂದ್ರಾಮನ ಮನೆ, ದಕ್ಷಿಣಕ್ಕೆ ಹಾದಿ ಎಂದು ಬರೆಸಿದರು. ಕಂಪನಿ ಲೇಖನಕ್ಕೆ 214 ಎಂದು ಒಂದು ನಂಬರು ಕೊಟ್ಟಿತ್ತು. ಅದನ್ನೂ ಶೌಕತ ಅಲಿ ನಂಬರು ಬರೆಯುವ ಜಾಗದಲ್ಲಿ ದಪ್ಪವಾಗಿ ಬರೆದರು. ಪಕ್ಕದ ಚಹಾದಂಗಡಿಯ ರಾಮಲಿಂಗನನ್ನು ಕರೆದು ಸಾಕ್ಷಿ ಸಹಿ ಹಾಕಿಸಿದರು. ಫಾರಂ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ನಾಲ್ಕು ಸಾಲು ಇದ್ದವು. ಅದರ ಮೇಲೆಯೇ ಬಾಂಡ್ ಹಾಳೆ ಇಟ್ಟು ನಾಲ್ಕು ಪಿನ್ನು ಹೊಡೆದದ್ದಾಯಿತು. ಕಂಪನಿಯವರು ಅದನ್ನು ನೋಡಿ ಇಷ್ಟು ಚಂದದ ದಾಖಲೆ ನಮಗೆ ಯಾವ ದೇಶದಿಂದಲೂ ಬಂದಿರಲಿಲ್ಲ ಎಂದು ಪತ್ರ ಬರೆದರು. ಮಾಸ್ತರರು ಆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಅನರ್ಥ ಆಗಬೇಕಾದದ್ದು ಅಷ್ಟರಲ್ಲಿ ಆಗಿಹೋಗಿತ್ತು. ರಾಮಲಿಂಗ ಸಹಿ ಮಾಡುವಾಗ ಕಾಗದ ಓದಿದ್ದ. ಸಾಕ್ಷಿಯಾದವನು ಓದದೆ ಸಹಿ ಮಾಡಬಾರದು ಎನ್ನುವ ನಿಷ್ಠೆ ಅವನದು; ಓದಿದ್ದನ್ನು ಗಿರಾಕಿಗಳಿಂದ ಮುಚ್ಚಿಡಬಾರದು ಎನ್ನುವ ನಿಷ್ಠೆಯೂ ಅವನದೇ. ಮಾಸ್ತರರು ಸನ್ನತಿಯ ಬಾವಿಯನ್ನು ಪರದೇಶದ ಕಂಪನಿಗೆ ಬರೆದುಕೊಟ್ಟರು ಎನ್ನುವ ಸುದ್ದಿ ಮಧ್ಯಾಹ್ನದ ಬಸ್ಸು ಹತ್ತಿತು. ವಾಡಿ ಜಂಕ್ಷನ್ನಿನಲ್ಲಿ ಇಳಿಯುವ ಹೊತ್ತಿಗೆ ಅಲ್ಲೊಂದು ಸಿಮೆಂಟ್ ಕಾರ್ಖಾನೆ ಬರುವುದು ನಿಶ್ಚಯವಾಗಿತ್ತು. ಶಹಾಬಾದಿನಲ್ಲಿ ಬಾವಿಯ ತಳದಲ್ಲಿ ಬಂಗಾರವಿದೆ ಎಂದಾಯಿತು. ಸೇಡಂನಲ್ಲಿ ಮಾಸ್ತರರು ಸಂಸಾರಸಮೇತ ವಿಮಾನ ಹತ್ತಿಯೇ ಬಿಟ್ಟಿದ್ದರು. ಎರಡು ದಿನ ಬಿಟ್ಟು ಚಿಂಚೋಳಿ ತಾಲ್ಲೂಕಿನ ಕುಂಚಾವರಂನಿಂದ ಅವರ ಕಾಕಾನ ಮಗ ಆನಂದತೀರ್ಥನ ಫೋನು ಬಂತು.

"ಅಣ್ಣಾ, ನಮ್ಮ ಹಿತ್ತಲದಾಗ ಎರಡು ಬಾವಿ ಅವ. ನೀರಿಲ್ಲ. ನಿಮ್ಮ ಕಂಪನಿಗೆ ನಡೀತಾವೇನು?"

ಮಾಸ್ತರರು ಇದು ಯಾರೋ ಮಾಡಿದ ಚೇಷ್ಟೆ ಎಂದುಕೊಂಡರು. ಅವರ ಲಕ್ಷ್ಯವೆಲ್ಲ ಮನೆಯ ಮುಂದಿನ ಹೊಸ ಹೆಸರಿನ ಫಲಕದ ಮೇಲಿತ್ತು. ಅದರಲ್ಲಿ ಪ್ರೊ. ವಾಸುದೇವ, ಅಂತರರಾಷ್ಟ್ರೀಯ ಲೇಖಕರು ಎಂದು ಬರೆಸಿದ್ದರು. ಹಾಲಿನವನು ಅದನ್ನು ಪೂರ್ತಿ ಓದಿ, "ಮಾಸ್ತರ್ರ, ಇಲ್ಲಿ ಯಾರರೆ ಬಾಡಿಗಿ ಬಂದಾರೇನ್ರಿ?" ಎಂದು ಕೇಳಿದ.

ಲೇಖನ ಅಚ್ಚಾಗಿ ಆರು ತಿಂಗಳಾದರೂ ಮಾಸ್ತರರು ಸನ್ನತಿಗೆ ಹೋಗಲಿಲ್ಲ. ಹೋಗಬಾರದೆಂದಲ್ಲ, ಓದಿ ಹೇಳಲು ಲೇಖನವೇ ಅವರ ಹತ್ತಿರ ಇರಲಿಲ್ಲ. ಕಂಪನಿ ಪ್ರತಿ ಕಳಿಸಿರಲಿಲ್ಲ, ಎಲ್ಲ ಕಂಪ್ಯೂಟರಿನಲ್ಲಿದೆ ಎಂದಿತ್ತು. ಪ್ರಿನ್ಸಿಪಾಲರು ಕಡತಕ್ಕೆ ಒಂದು ಪ್ರತಿ ಕೇಳಿದಾಗಲೂ ಮಾಸ್ತರರು ಗೋಡೆಯ ಮೇಲಿನ ಪತ್ರದ ಜೆರಾಕ್ಸ್ ಕೊಟ್ಟು ಪಾರಾಗಿದ್ದರು.

ಬಾವಿಯ ಸುದ್ದಿ ಎಲ್ಲ ಊರು ಸುತ್ತಿ ಸನ್ನತಿಗೆ ಮುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ. ಒಂದು ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಕ್ರೂಸರ್ ಗಾಡಿ ಬಂದು ನಿಂತಿತು. ಅದರೊಳಗಿಂದ ಸನ್ನತಿಯ ಹನ್ನೊಂದು ಜನ ಇಳಿದರು. ಮುಂದೆ ಊರಿನ ಹೊಲಮನೆಗಳ ದಾಖಲೆ ನೋಡುವ ತಲಾಟಿ, ಕೈಯಲ್ಲಿ ಶೌಕತ ಅಲಿಯವರ ಹತ್ತಿರ ಇಸಕೊಂಡು ಬಂದ ಬಾಂಡಿನ ಜೆರಾಕ್ಸ್. ಎಲ್ಲರ ಹಿಂದೆ ಚಂದ್ರಾಮ ಮತ್ತು ಅವನ ಮಗಳು ಲುಂಬಿನಿ. ಅವಳು ಗುಲಬರ್ಗಾದಲ್ಲಿ ಗ್ರಂಥಾಲಯ ವಿಜ್ಞಾನ ಓದುತ್ತಿದ್ದಳು.

"ಬರ್ರಿ, ಕುಂದ್ರಿ" ಎಂದರು ಮಾಸ್ತರರು. ಯಾರೂ ಕುಳಿತುಕೊಳ್ಳಲಿಲ್ಲ.

"ಸರ್, ಚಕ್ಕುಬಂದಿ ನಾನೇ ಅಳದು ನೋಡೀನಿ. ನಾಕೂ ಕಡೆ ಬರೋಬ್ಬರಿ ಅದ" ಎಂದ ತಲಾಟಿ. "ಬಾವಿದು ಹೋಗ್ಲಿ. 214 ಅಂತ ಹಾಕೀರಲ್ಲ, ಸನ್ನತಿ ಸರ್ವೇ ನಂಬರ್ 214 ನಮ್ಮ ಸಾಲಿ ಅದರಿ. ಸಾಲಿ ಯಾಕ್ ಕೊಟ್ರಿ?"

ಮಾಸ್ತರರು ಎರಡೂ ಕೈ ಆಡಿಸಿದರು. "ನಾ ಬಾವಿ ಕೊಟ್ಟಿಲ್ಲಪ್ಪ. ಬಾವಿ ಮ್ಯಾಲೆ ಬರದದ್ದು ಕೊಟ್ಟೀನಿ."

"ಬರದದ್ದಕ್ಕ ಬಾಂಡ್ ಯಾಕ ಬೇಕ್ರಿ?"

ಮಾಸ್ತರರು ಗೋಡೆಯ ಮೇಲಿನ ಪತ್ರ ತೋರಿಸಿದರು. ತಲಾಟಿ ಅದನ್ನು ಓದಿಸಿಕೊಂಡು, ಕಂಪನಿಗೆ ದಾಖಲೆ ಮುಟ್ಟಿದ್ದು ಖಾತ್ರಿಯಾಯಿತು ಎಂದು ಡೈರಿಯಲ್ಲಿ ಗುರುತು ಹಾಕಿಕೊಂಡ. ಹಿಂದಿದ್ದವರು ಒಟ್ಟಿಗೇ ಮಾತಾಡತೊಡಗಿದರು. ಒಬ್ಬನು ಶಾಲೆಯ ಮಕ್ಕಳನ್ನು ಎಲ್ಲಿ ಕೂರಿಸುವುದು ಎಂದ. ಇನ್ನೊಬ್ಬನು ಬಂಗಾರದಲ್ಲಿ ಊರಿಗೆ ಎಷ್ಟು ಪಾಲು ಎಂದ. ಆಗ ಚಂದ್ರಾಮ ಮುಂದೆ ಬಂದ.

"ಬಾವಿ ಮಾರಿಲ್ಲ ಅಂತ ನನಗ ಗೊತ್ತದರಿ ಸರ್. ಬಾವಿ ಯಾರು ಹೊತಗೊಂಡು ಹೋಗ್ತಾರ? ನಾ ಅದಕ್ಕ ಬಂದಿಲ್ಲ. ಓದಿ ಹೇಳ್ತೀನಿ ಅಂದಿದ್ರಿ. ನಮ್ಮಪ್ಪಂದು ಏನು ಬರದೀರಿ, ಅದು ಕೇಳಿ ಹೋಗಬೇಕಂತ ಬಂದೀನಿ."

ಹನ್ನೊಂದು ಜನರ ಕೂಗಿಗೆ ಬಾಗದಿದ್ದ ಮಾಸ್ತರರ ತಲೆ ಈ ಒಂದು ಮಾತಿಗೆ ಬಾಗಿತು. ಕೊಟ್ಟ ಮಾತನ್ನು ತಾವು ಫಲಕದ ಹಿಂದೆ ಬಚ್ಚಿಟ್ಟಿದ್ದೇವೆ ಎಂದು ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. "ನಡೀರಿ, ಈಗೇ ಓದ್ತೀನಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಬಸ್ ನಿಲ್ದಾಣದ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಮೂವರು ಕೂರುವ ಜಾಗಕ್ಕೆ ಹನ್ನೆರಡು ಜನ ನುಗ್ಗಿದರು. ಲುಂಬಿನಿ ಕೀಲಿಮಣೆ ಒತ್ತಿದಳು. ಪರದೆಯ ಮೇಲೆ ಲೇಖನದ ಹೆಸರು ಬಂತು. ಮಾಸ್ತರರ ಹೆಸರು ಬಂತು. ಮೊದಲ ನಾಲ್ಕು ಸಾಲು ಬಂದವು. ಐದನೆಯ ಸಾಲಿನ ಜಾಗದಲ್ಲಿ ಒಂದು ಬೀಗದ ಚಿತ್ರ ಬಂದು, ಮುಂದೆ ಓದಲು ಮೂವತ್ತು ಡಾಲರ್ ಕಟ್ಟಿರಿ ಎಂದಿತು.

"ಬರದಾಂವ ನಾನೇ ಇದ್ದೀನಿ" ಎಂದರು ಮಾಸ್ತರರು ಪರದೆಗೆ.

"ಸರ್, ಅದಕ್ಕ ಕಿವಿ ಇರೋದಿಲ್ರಿ" ಎಂದ ಅಂಗಡಿಯವನು.

ಚಂದ್ರಾಮ ಮಗಳನ್ನು ಕೇಳಿದ. "ಏನಿದು, ಸರ್ ಬರದದ್ದು ಸರ್‌ಗೇ ಕೊಡವಲ್ದಲ್ಲ?"

"ಹಕ್ಕು ಕಂಪನಿದು ಆಗ್ಯಾದಪ್ಪ. ನಮ್ಮ ಯುನಿವರ್ಸಿಟಿ ಇಂಥ ಪತ್ರಿಕೆಗೆ ವರ್ಷಾ ಲಕ್ಷಗಟ್ಟಲೆ ಕಟ್ತದ. ಕಟ್ಟದಿದ್ರ ಬೀಗ."

"ಮತ್ತ ಸರ್‌ಗ ಎಷ್ಟು ಕೊಟ್ರು?"

"ಬರದವರಿಗಿ ಏನೂ ಕೊಡೋದಿಲ್ಲ."

"ತಪ್ಪು ನೋಡಿದವರು ಮೂರು ಮಂದಿ ಅಂತ ಸರ್ ದಾರ್ಯಾಗ ಹೇಳಿದ್ರಲ್ಲ, ಅವರಿಗಿ?"

"ಅವರಿಗಿನೂ ಇಲ್ಲ."

ಚಂದ್ರಾಮ ಬೀಗದ ಚಿತ್ರದ ಕಡೆ ಬೆರಳು ಮಾಡಿದ. "ಬಾವಿ ತೋಡ್ದವ ಒಬ್ಬ, ನೀರು ಚಲೋ ಅದ ಅಂತ ಕುಡದು ನೋಡಿದವರು ಮೂವರು, ಹಗ್ಗ ಬಿಚಗೊಂಡು ಮನಿಗಿ ಒಯ್ದವ ಮತ್ತೊಬ್ಬ" ಎಂದ. ತಲಾಟಿ ಮೊದಲ ಬಾರಿಗೆ ಮಾಸ್ತರರನ್ನು ಕನಿಕರದಿಂದ ನೋಡಿದ.

"ಅಪ್ಪಾ, ಈಗ ಭಾಳ ಮಂದಿ ಇದಕ್ಕ ಬ್ಯಾಸತ್ತು ತಾವು ಬರದದ್ದು ಎಲ್ಲರೂ ಓದ್ಲಿ ಅಂತ ಬಿಟ್ಟಿ ಇಡಾಕತ್ತಾರ" ಎಂದಳು ಲುಂಬಿನಿ. ಆಮೇಲೆ ಮಾಸ್ತರರ ಕಡೆ ತಿರುಗಿದಳು. "ಸರ್, ನೀವು ಸಹಿ ಮಾಡಿದ ಫಾರಂ ನೋಡಬೇಕಿತ್ರಿ."

ಮತ್ತೆ ಎಲ್ಲರೂ ಮನೆಗೆ ಬಂದರು. ಫಾರಂ ಬಂದಾಗಲೇ ತೆಗೆಸಿಟ್ಟುಕೊಂಡ ಜೆರಾಕ್ಸ್ ಫೈಲಿನಲ್ಲಿತ್ತು. ಶೌಕತ ಅಲಿಯ ಬಾಂಡ್ ಹಾಳೆ ಮುಚ್ಚಿದ್ದ ಆ ನಾಲ್ಕು ಸಣ್ಣ ಸಾಲುಗಳನ್ನು ಲುಂಬಿನಿ ಜೋರಾಗಿ ಓದಿ ಕನ್ನಡದಲ್ಲಿ ಹೇಳಿದಳು. ಪಂಡಿತರ ಕೈಗೆ ಹೋಗುವ ಮೊದಲಿನ, ಲೇಖಕರು ತಾವೇ ಬರೆದ ಮೂಲ ಕರಡನ್ನು ಯಾರಿಗೆ ಬೇಕಾದರೂ ತೋರಿಸಬಹುದು, ತಮ್ಮ ಪುಟದಲ್ಲಿ ಹಾಕಿಕೊಳ್ಳಬಹುದು.

"ಅಂದ್ರ ಇದಕ್ಕ ಬಾಂಡ್ ಯಾರು ಹಚ್ಚಿ ಮುಚ್ಚಿದ್ರು?" ಎಂದ ತಲಾಟಿ. ಮಾಸ್ತರರು ಕೆಮ್ಮಿದರು.

"ಮೂಲ ಕರಡು ಎಲ್ಲದರಿ ಸರ್?" ಎಂದಳು ಲುಂಬಿನಿ.

ಮಾಸ್ತರರು ಅಲಮಾರು ತೆರೆದರು, ಟ್ರಂಕು ತೆರೆದರು, ಅಟ್ಟ ಹತ್ತಿ ಇಳಿದರು. ಹದಿನಾಲ್ಕು ಹಾಳೆಯ ಆ ಕನ್ನಡ ಕರಡು ಎಲ್ಲಿಯೂ ಇಲ್ಲ. ಕೊನೆಗೆ ಅಡುಗೆಮನೆಯ ಹೊಸ್ತಿಲಿನ ಹೊರಗೆ ನಿಂತು ಹೆಂಡತಿಯನ್ನು ಕೇಳಿದರು. ಸೀತಾಬಾಯಿ ಮಡಿಯುಟ್ಟು ನೈವೇದ್ಯದ ಅಡುಗೆ ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ಗಂಡನಿಗೂ ಒಳಗೆ ಬರಲು ಅಪ್ಪಣೆ ಇಲ್ಲ.

"ಬಾವಿದು ಬರದಿದ್ರಲ್ಲ, ಆ ಹಾಳೇನು?" ಎಂದಳು ಆಕೆ ತಿರುಗದೆಯೇ. "ಇಂಗ್ಲಿಷಿನ್ಯಾಗ ಆತು, ಇನ್ನ ಇದೇನು ಬೇಕಾಗಿಲ್ಲ ಅಂದ್ರಿ. ಡಬ್ಬಿ ಕೆಳಗ ಹಾಸೀನಿ."

ಪರದೇಶ ಕಂಡ ಲೇಖನ ಅಡುಗೆಮನೆಯ ಮೂರು ಫಳಿಗಳ ಮೇಲೆ ಬೇಳೆ, ಬೆಲ್ಲ, ಅರಿಸಿಣದ ಡಬ್ಬಿಗಳ ಕೆಳಗೆ ಮಲಗಿತ್ತು. ಕಂಪನಿಯ ಬೀಗಕ್ಕಾದರೂ ಮೂವತ್ತು ಡಾಲರ್ ಎಂದು ಬೆಲೆ ಇತ್ತು. ಸೀತಾಬಾಯಿಯ ಮಡಿಗೆ ಬೆಲೆಯೇ ಇರಲಿಲ್ಲ. ಮಾಸ್ತರರು ಹೊಸ್ತಿಲಲ್ಲಿ ನಿಂತರು, ಅವರ ಹಿಂದೆ ಲುಂಬಿನಿ, ಅವಳ ಹಿಂದೆ ಚಂದ್ರಾಮ, ಅಂಗಳದ ತನಕ ಸನ್ನತಿ.

"ನೈವೇದ್ಯ ಆಗೋತನಕ ಕುಂದ್ರೂಣ್ರಿ ಸರ್" ಎಂದಳು ಲುಂಬಿನಿ ಮೆಲ್ಲಗೆ, ಒಂದು ಹೆಜ್ಜೆ ಹಿಂದೆ ಸರಿದು.

ಸೀತಾಬಾಯಿ ತಿರುಗಿ ಅವಳ ಮುಖ ನೋಡಿದಳು. "ನೀ ಲಾಲಮ್ಮನ ಮಗಳಲ್ಲ?"

"ಹೌದ್ರಿ."

"ಹನ್ನೆರಡು ವರ್ಷದ ಹಿಂದ ನಿಮ್ಮೂರಿಗೆ ಚಂದ್ರಲಾಂಬಾ ದೇವಿ ದರ್ಶನಕ್ಕ ಬಂದಾಗ ಬಿಸಲಿಗೆ ತಲಿ ತಿರುಗಿ ನಿಮ್ಮ ಬಾವಿ ಕಟ್ಟಿ ಮ್ಯಾಲೆ ಬಿದ್ದಿದ್ದೆ. ನಿಮ್ಮವ್ವ ಅದೇ ಹಗ್ಗದ್ಲೇ ಸೇದಿ ನೀರು ಕುಡಿಸ್ಯಾಳ. ಎರಡು ಬೊಗಸಿ ಕುಡದೆ. ಮಡಿ ಮೈಲಿಗಿ ಆಗ ನಾನೂ ಕೇಳಲಿಲ್ಲ, ಅಕೀನೂ ಕೇಳಲಿಲ್ಲ." ಆಕೆ ಸೌಟು ಕೆಳಗಿಟ್ಟಳು. "ಹೊರಗ ಯಾಕ ನಿಂತಿ, ಒಳಗ ಬಾ. ಡಬ್ಬಿ ನಾ ಎತ್ತತೀನಿ, ಹಾಳಿ ನೀ ಎಳಿ. ಸಾವಕಾಶ, ಅರಿಸಿಣದ್ದು ಮುಚ್ಚಳ ಸಡಲ ಅದ."

ಮಾಸ್ತರರು ಹನ್ನೆರಡು ವರ್ಷದ ಈ ಗುಟ್ಟನ್ನು ಬಾಯಿ ತೆರೆದುಕೊಂಡು ಕೇಳಿದರು. ಮೂವತ್ತೊಂದು ಅಡಿಟಿಪ್ಪಣಿ ಹುಡುಕಿ ಬರೆದ ಸಂಶೋಧಕರಿಗೆ ಆ ಬಾವಿಯ ನೀರು ತಮ್ಮ ಹೆಂಡತಿಯನ್ನು ಬದುಕಿಸಿದ್ದು ಗೊತ್ತಿರಲಿಲ್ಲ. "ನನಗ ಹೇಳಲೇ ಇಲ್ಲಲ್ಲ" ಎಂದರು.

"ನೀವು ಕೇಳಲಿಲ್ಲ" ಎಂದಳು ಸೀತಾಬಾಯಿ, ಬೆಲ್ಲದ ಡಬ್ಬಿ ಎತ್ತುತ್ತಾ.

ಅಂಗಳದಲ್ಲಿ ಚಾಪೆ ಹಾಸಿದ್ದಾಯಿತು. ಈ ಸಲ ಎಲ್ಲರೂ ಕುಳಿತರು. ಲುಂಬಿನಿ ಹದಿನಾಲ್ಕು ಹಾಳೆಗಳನ್ನು ಜೋಡಿಸಿ ಓದತೊಡಗಿದಳು. ಭೀಮಶ್ಯಾನ ಹೆಸರು ಬಂದಾಗಲೆಲ್ಲ ಚಂದ್ರಾಮ ತಲೆಯ ಮೇಲಿನ ಟವೆಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡು, ಮತ್ತೆ ಸುತ್ತಿಕೊಂಡು, ಕೊನೆಗೆ ತೆಗೆದೇ ಇಟ್ಟ. ಬತ್ತಿದ ಬಾವಿಗಳ ವರ್ಷ ಬಂದಾಗ ಗುಂಪಿನಲ್ಲಿದ್ದ ಒಬ್ಬ ಮುದುಕ, ನಮ್ಮಪ್ಪನೂ ಆ ಹಗ್ಗ ಹಿಡಿದವನೇ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಓದು ಮುಗಿಯಿತು. ಮಾಸ್ತರರು ಪರೀಕ್ಷೆಗೆ ಕುಳಿತ ಹುಡುಗನ ಹಾಗೆ ಚಂದ್ರಾಮನ ಮುಖ ನೋಡಿದರು.

"ಚಲೋ ಬರದೀರಿ" ಎಂದ ಚಂದ್ರಾಮ. ಆಮೇಲೆ ಕೇಳಿದ. "ನಮ್ಮವ್ವ ಎಲ್ಲಿ?"

"ಯಾರು?"

"ನಮ್ಮವ್ವ, ಚಂದಮ್ಮ. ನಮ್ಮಪ್ಪ ಒಬ್ಬನೇ ಅಗದ ಅಂತ ಬರದೀರಿ. ಅಗದ ಮಣ್ಣು ಬುಟ್ಟೀಲೆ ಮ್ಯಾಲ ಹೊತ್ತಾಕಿ ಅಕೀರಿ. ನಾ ಹೇಳಿದ್ದೆ ನಿಮಗ, ಎರಡನೇ ಐತ್ವಾರ."

ಮಾಸ್ತರರಿಗೆ ನೆನಪಾಯಿತು. ಹೇಳಿದ್ದ, ಹೌದು. ಬರೆಯುವಾಗ ಬಿಟ್ಟುಹೋಗಿತ್ತು. ಹೆಸರು ಹೇಳದ ಮೂವರು ಪಂಡಿತರು ಓದಿ ಅಡಿಟಿಪ್ಪಣಿ ಕೇಳಿದ್ದರು; ಮಣ್ಣು ಯಾರು ಹೊತ್ತರು ಎಂದು ಒಬ್ಬರೂ ಕೇಳಿರಲಿಲ್ಲ. ಮಾಸ್ತರರು ಜೇಬಿನಿಂದ ಪೆನ್ನು ತೆಗೆದು, ಅರಿಸಿಣದ ದುಂಡು ಕಲೆ ಇದ್ದ ಆರನೆಯ ಹಾಳೆಯ ಅಂಚಿನಲ್ಲಿ ಚಂದಮ್ಮನ ಹೆಸರನ್ನೂ ಅವಳ ಬುಟ್ಟಿಯನ್ನೂ ದುಂಡಗೆ ಬರೆದರು.

ಲುಂಬಿನಿ ಆ ಹಾಳೆಗಳನ್ನು ಇದ್ದ ಹಾಗೆಯೇ ಸ್ಕ್ಯಾನ್ ಮಾಡಿಸಿ, ಯಾರು ಬೇಕಾದರೂ ಓದುವ ಹಾಗೆ ಇಂಟರ್ನೆಟ್ಟಿನಲ್ಲಿ ಇಟ್ಟಳು. ನಾಲ್ಕು ತಿಂಗಳ ಮೇಲೆ ಕನ್ನಡ ಬಲ್ಲ ಪರದೇಶದ ಪಂಡಿತರೊಬ್ಬರು ಆರನೆಯ ಪುಟದ ಹಳದಿ ವರ್ತುಲ ಬಾವಿಯ ನಕ್ಷೆಯೇ, ಅದರ ಅಳತೆ ಏನು ಎಂದು ಕೇಳಿ ಬರೆದರು. ಸೀತಾಬಾಯಿ ಅಳತೆ ಒಂದು ಕಿಲೋ ಎಂದು ಉತ್ತರ ಬರೆಸಿದಳು. ಆದರೆ ಇದು ಮುಂದಿನ ಮಾತು.

ಆ ದಿನ ಅಂಗಳದಲ್ಲಿ ತಲಾಟಿಗೆ ಮಾತ್ರ ಸಮಾಧಾನವಾಗಿರಲಿಲ್ಲ. ಬಾಂಡಿನಲ್ಲಿ ಹೋದದ್ದು ಬಾಂಡಿನಲ್ಲಿಯೇ ಬರಬೇಕು, ಶಾಲೆಯ ಪ್ರಶ್ನೆ ಇದೆ ಎಂದು ಅವನು ಪಟ್ಟು ಹಿಡಿದ. ಸೋಮವಾರ ಬೆಳಿಗ್ಗೆ ಎಲ್ಲರೂ ಶೌಕತ ಅಲಿಯವರ ಬೇವಿನ ಗಿಡದ ಕೆಳಗೆ ಸೇರಿದರು. ಬಾವಿ ಊರಿನದೇ, ಶಾಲೆ ಸರಕಾರದ್ದೇ, ವಾಸುದೇವ ಮಾಸ್ತರರು ತಮ್ಮ ಕೈಯಿಂದ ಬರೆದ ಹದಿನಾಲ್ಕು ಹಾಳೆಗಳನ್ನು ಓದುವ ಹಕ್ಕನ್ನು ಮಾತ್ರ ಬಿಟ್ಟುಕೊಟ್ಟಿದ್ದಾರೆ ಎಂದು ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಚಕ್ಕುಬಂದಿ ಅವರೇ ಕೇಳಲಿಲ್ಲ. ಬರೆದುಕೊಡುವವರ ಜಾಗದಲ್ಲಿ ಮಾಸ್ತರರು ಪ್ರೊಫೆಸರ್ ಬಿಟ್ಟು ಬರೀ ವಾಸುದೇವ ಮಾಸ್ತರ ಎಂದು ಬರೆಸಿದರು.

"ಈಗ ಬರಿಸಿಕೊಳ್ಳೋರ ಹೆಸರು?" ಎಂದರು ಶೌಕತ ಅಲಿ, ಪೆನ್ನು ಎತ್ತಿ ಹಿಡಿದು.

ಮಾಸ್ತರರು ಲುಂಬಿನಿಯ ಮುಖ ನೋಡಿದರು, ಅವಳು ಅಪ್ಪನ ಮುಖ ನೋಡಿದಳು.

"ನೀರಡಿಸಿ ಬಂದವರ ಹೆಸರು ಯಾರು ಕೇಳ್ತಾರ್ರಿ ಸಾಹೇಬ್ರ" ಎಂದ ಚಂದ್ರಾಮ.

ಶೌಕತ ಅಲಿ ಮೂವತ್ತು ವರ್ಷದಲ್ಲಿ ಒಂದು ಜಾಗವನ್ನೂ ಖಾಲಿ ಬಿಟ್ಟವರಲ್ಲ. ಅವರು ಚಂದ್ರಾಮನನ್ನು ನೋಡಿದರು, ಆ ಖಾಲಿ ಜಾಗವನ್ನು ನೋಡಿದರು. ಅದನ್ನು ಹಾಗೆಯೇ ಬಿಟ್ಟು ಕೆಳಗೆ ಬಂದು, ಸಾಕ್ಷಿ ಎಂದಿದ್ದ ಕಡೆ ಮೊದಲ ಸಹಿ ತಾವೇ ಹಾಕಿದರು.